ಹಗುರ ಟ್ಯಾಂಕು: ಇನ್ನು ವಿಳಂಬ ಸಲ್ಲದು

ಯುದ್ಧದ ಟ್ಯಾಂಕುಗಳ ವಿಚಾರ ಕುಂಜತ್ತೂರಿನವರಿಗೇಕೆ ಎಂದು ಕೆಲವರಾದರೂ ಕೇಳಬಹುದು. ಲಡಾಖಿನ ಹಿಮಬೆಟ್ಟಗಳೆಲ್ಲಿ, ಮಂಜೇಶ್ವರದ ಕಡಲ ಕರೆಯೆಲ್ಲಿ? ಆದರೆ ನಮ್ಮ ಊರುಗಳಿಂದಲೂ ಸೈನ್ಯಕ್ಕೆ ಸೇರಿದ ಮಕ್ಕಳಿದ್ದಾರೆ. ಗಡಿಯಿಂದ ಬರುವ ಫೋನಿಗಾಗಿ ಕಾದು ಕೂರುವ ತಾಯಂದಿರಿದ್ದಾರೆ. ಆ ಮಕ್ಕಳ ಕೈಗೆ ಸರಕಾರ ಯಾವ ಸಲಕರಣೆಯನ್ನು ಕೊಡುತ್ತದೆ, ಸಕಾಲದಲ್ಲಿ ಕೊಡುತ್ತದೆಯೇ ಎಂದು ವಿಚಾರಿಸುವ ಹಕ್ಕು ದಿಲ್ಲಿಯವರಿಗೆಷ್ಟೋ ನಮಗೂ ಅಷ್ಟೇ ಇದೆ.

ಡ್ರೋನುಗಳು ಆಕಾಶದಿಂದ ಎರಗುವ ಈ ಕಾಲದಲ್ಲಿ ಟ್ಯಾಂಕುಗಳ ಯುಗವೇ ಮುಗಿಯಿತು, ಅದರಲ್ಲೂ ತೆಳು ಕವಚದ ಹಗುರ ಟ್ಯಾಂಕುಗಳಿಗೆ ಹಣ ಸುರಿಯುವುದು ವ್ಯರ್ಥ ಎಂಬ ವಾದ ಕೇಳಿಬರುತ್ತಿದೆ. ಈ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಅದು ಪೂರ್ತಿ ಸತ್ಯವೂ ಅಲ್ಲ ಎಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ಉತ್ತರ ನಮ್ಮ ನೆರೆಯ ಕೊಡಗಿನವರೊಬ್ಬರಿಂದಲೇ ಸಿಕ್ಕಿದೆ. 1948ರಲ್ಲಿ ಲಡಾಖಿಗೆ ಹೋಗುವ ಹೆಬ್ಬಾಗಿಲಾದ ಜೋಜಿ ಲಾ ಕಣಿವೆ ಶತ್ರುಗಳ ವಶವಾಗಿತ್ತು. ಸೆಪ್ಟೆಂಬರಿನಲ್ಲಿ ನಮ್ಮ ಕಾಲಾಳುಗಳು ನಡೆಸಿದ ದಾಳಿ ಫಲಿಸಲಿಲ್ಲ. ಚಳಿಗಾಲ ಸಮೀಪಿಸುತ್ತಿತ್ತು, ಹಿಮ ಬಿದ್ದು ದಾರಿ ಮುಚ್ಚಿದರೆ ಲೇಹ್ ಕೈಬಿಟ್ಟು ಹೋಗುವ ಭಯ. ಆಗ ಡಿವಿಜನಿನ ದಂಡನಾಯಕರಾಗಿದ್ದವರು ಮಡಿಕೇರಿಯ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರು. ಸುಮಾರು 11,500 ಅಡಿ ಎತ್ತರದ ಆ ಕಣಿವೆಗೆ ಟ್ಯಾಂಕುಗಳನ್ನು ಏರಿಸುವ ನಿರ್ಧಾರವನ್ನು ಅವರು ಕೈಗೊಂಡರು.

ಆರಿಸಿಕೊಂಡದ್ದು 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು. ಒಂದೊಂದರ ತೂಕ ಸುಮಾರು 15 ಟನ್ನು. ದಾರಿಯ ಬಡಕಲು ಸೇತುವೆಗಳನ್ನು ದಾಟಿಸುವುದಕ್ಕಾಗಿಯೂ, ಗುಟ್ಟು ಬಯಲಾಗದಿರಲೆಂದೂ ಅವುಗಳ ಮೇಲಿನ ತಿರುಗೋಪುರಗಳನ್ನು ಕಳಚಿ ಸಾಗಿಸಲಾಯಿತು. ಬಾಲ್ತಾಲಿನಿಂದ ಮೇಲಕ್ಕೆ ಇದ್ದ ಹೇಸರಗತ್ತೆಯ ಜಾಡನ್ನು ಟ್ಯಾಂಕು ಏರುವಂತೆ ಅಗಲ ಮಾಡಿದವರು ಬೆಂಗಳೂರನ್ನು ಕೇಂದ್ರವಾಗಿ ಉಳ್ಳ ಮದ್ರಾಸ್ ಸ್ಯಾಪರ್ಸ್ ದಳದವರು. ನವೆಂಬರ್ 1ರಂದು ಹಿಮಪಾತದ ನಡುವೆ ಟ್ಯಾಂಕುಗಳು ಕಣಿವೆಯನ್ನು ಹೊಕ್ಕವು. ಅಷ್ಟು ಎತ್ತರದಲ್ಲಿ ಟ್ಯಾಂಕು ಬರಬಹುದೆಂದು ಕನಸಿನಲ್ಲೂ ಎಣಿಸದ ಶತ್ರು ಕಂಗೆಟ್ಟು ಹಿಮ್ಮೆಟ್ಟಿದ. ಆ ತಿಂಗಳು ಮುಗಿಯುವುದರೊಳಗೆ ದ್ರಾಸ್ ಮತ್ತು ಕಾರ್ಗಿಲ್ ನಮ್ಮ ಕೈಸೇರಿ ಲೇಹಿಗೆ ದಾರಿ ತೆರೆಯಿತು. 40 ಟನ್ನಿನ ಟ್ಯಾಂಕು ಆಗ ನಮ್ಮಲ್ಲಿದ್ದರೂ ಆ ಜಾಡಿನಲ್ಲಿ ಅದರಿಂದ ಉಪಯೋಗವಾಗುತ್ತಿರಲಿಲ್ಲ.

ನಮ್ಮ ರೈತರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಘಟ್ಟದ ಮೇಲಿನ ಅಗಲದ ಹೊಲಗಳಲ್ಲಿ ಟ್ರ್ಯಾಕ್ಟರು ಮಾಡುವ ಕೆಲಸವನ್ನು ನಮ್ಮ ಬೈಲಿನ ಸಣ್ಣ ಗದ್ದೆಗಳಲ್ಲಿ ಟಿಲ್ಲರೇ ಮಾಡಬೇಕು. ಹುಣಿ ದಾಟಿಸಿ ಗದ್ದೆಯಿಂದ ಗದ್ದೆಗೆ ಇಳಿಸಲು ಸಾಧ್ಯವಾಗುವುದು ಅದನ್ನೇ. ಹಾಗೆಂದು ಟ್ರ್ಯಾಕ್ಟರು ಪ್ರಯೋಜನವಿಲ್ಲದ್ದೆಂದು ಯಾರೂ ಹೇಳುವುದಿಲ್ಲ. ನೆಲವನ್ನು ನೋಡಿ ಯಂತ್ರವನ್ನು ಆರಿಸಬೇಕೇ ಹೊರತು ಯಂತ್ರವನ್ನು ಕೊಂಡ ಮೇಲೆ ನೆಲವನ್ನು ಹುಡುಕುವುದಲ್ಲ.

1962ರಲ್ಲಿ ಚೀನಾದೊಡನೆ ಯುದ್ಧವಾದಾಗ ಬೆರಳೆಣಿಕೆಯ ಎಎಂಎಕ್ಸ್-13 ಹಗುರ ಟ್ಯಾಂಕುಗಳನ್ನು ವಿಮಾನದಲ್ಲಿ ಚುಶೂಲಿಗೆ ಇಳಿಸಲಾಯಿತು. ಭಾರದ ಟ್ಯಾಂಕಾಗಿದ್ದರೆ ಅಂದು ಅದೂ ಸಾಧ್ಯವಿರಲಿಲ್ಲ. 1971ರ ನವೆಂಬರಿನಲ್ಲಿ ಪೂರ್ವ ಬಂಗಾಳದ ಗರೀಬ್‌ಪುರದಲ್ಲಿ ನೀರಿನಲ್ಲಿ ತೇಲಬಲ್ಲ ಪಿಟಿ-76 ಟ್ಯಾಂಕುಗಳು, ನಮ್ಮ ಕಾಲಾಳುಗಳ ಜೊತೆಗೂಡಿ, ಪಾಕಿಸ್ತಾನದ ಹತ್ತಕ್ಕೂ ಹೆಚ್ಚು ಟ್ಯಾಂಕುಗಳನ್ನು ನಾಶಪಡಿಸಿದವು. ಹೊಳೆ ಕೆರೆಗಳಿಂದ ತುಂಬಿದ ಆ ನಾಡಿಗೆ ಅವು ಹೇಳಿಮಾಡಿಸಿದಂತಿದ್ದವು.

ಇಷ್ಟೆಲ್ಲ ಅನುಭವವಿದ್ದೂ ಆ ಹಳೆಯ ಟ್ಯಾಂಕುಗಳು ನಿವೃತ್ತಿಯಾದ ಮೇಲೆ ಅವುಗಳ ಜಾಗವನ್ನು ತುಂಬುವ ಕೆಲಸ ದಶಕಗಳ ಕಾಲ ನಡೆಯಲಿಲ್ಲವೆಂಬುದು ವಿಷಾದದ ಸಂಗತಿ. 2020ರಲ್ಲಿ ಗಲ್ವಾನಿನ ಘರ್ಷಣೆಯಾದಾಗ ಚೀನಾದ ಬಳಿ ಎತ್ತರದ ಪ್ರದೇಶಕ್ಕೆಂದೇ ಸಿದ್ಧಪಡಿಸಿದ ಟೈಪ್-15 ಹಗುರ ಟ್ಯಾಂಕು ಇತ್ತು. ನಾವು 40 ಟನ್ನು ಮೀರಿದ ಟಿ-72, ಟಿ-90 ಟ್ಯಾಂಕುಗಳನ್ನೇ ಬೆಟ್ಟಕ್ಕೆ ಏರಿಸಬೇಕಾಯಿತು. ಆ ವರ್ಷದ ಆಗಸ್ಟಿನ ಕೊನೆಯಲ್ಲಿ ಕೈಲಾಸ ಪರ್ವತಸಾಲಿನ ಶಿಖರಗಳಿಗೆ ಅವುಗಳನ್ನು ಒಯ್ದ ನಮ್ಮ ಯೋಧರ ಸಾಹಸ ಕೊಂಡಾಡತಕ್ಕದ್ದೇ. ಆದರೆ ಯೋಧರ ಸಾಹಸದಿಂದ ಯೋಜನೆಯ ಕೊರತೆಯನ್ನು ಎಷ್ಟು ಕಾಲ ಮುಚ್ಚಲು ಬಂದೀತು? ಆಮ್ಲಜನಕ ವಿರಳವಾದ ಆ ಎತ್ತರದಲ್ಲಿ ಎಂಜಿನುಗಳು ಏದುಸಿರು ಬಿಡುತ್ತವೆ; ಅಲ್ಲಿ ಪ್ರತಿ ಟನ್ನೂ ಲೆಕ್ಕಕ್ಕೆ ಬರುತ್ತದೆ. 2024ರ ಜೂನ್ 28ರಂದು ಪೂರ್ವ ಲಡಾಖಿನ ಶ್ಯೋಕ್ ನದಿಯಲ್ಲಿ ನೀರು ಒಮ್ಮೆಗೇ ಏರಿ, ಟಿ-72 ಟ್ಯಾಂಕಿನಲ್ಲಿದ್ದ ಐವರು ಯೋಧರು ಪ್ರಾಣ ಕಳೆದುಕೊಂಡರು. ಬೇರೆ ಟ್ಯಾಂಕಾಗಿದ್ದರೆ ಅವರು ಬದುಕುತ್ತಿದ್ದರೆಂದು ನಾವು ಹೇಳುವುದಿಲ್ಲ. ಆದರೆ ಆ ನಾಡಿನ ನದಿಯೂ ಬೆಟ್ಟವೂ ಎಂಥವೆಂಬುದನ್ನು ಆ ಐದು ಮನೆಗಳ ದುಃಖ ನಮಗೆ ನೆನಪಿಸುತ್ತದೆ.

ಈಗ ಡಿಆರ್‌ಡಿಒ ಮತ್ತು ಎಲ್ ಆ್ಯಂಡ್ ಟಿ ಸೇರಿ ನಿರ್ಮಿಸಿದ 25 ಟನ್ನಿನ ‘ಜೋರಾವರ್’ ಬಂದಿದೆ. 2024ರ ಜುಲೈಯಲ್ಲಿ ಇದನ್ನು ಹಜೀರಾದಲ್ಲಿ ಪ್ರದರ್ಶಿಸಲಾಯಿತು. ಅದೇ ಡಿಸೆಂಬರಿನಲ್ಲಿ 4,200 ಮೀಟರಿಗೂ ಮೇಲಿನ ಎತ್ತರದಲ್ಲಿ ಗುಂಡು ಹಾರಿಸಿ ಪರೀಕ್ಷಿಸಲಾಯಿತು. 105 ಮಿಲಿಮೀಟರಿನ ಫಿರಂಗಿ ಅದಕ್ಕಿದೆ; ನೀರನ್ನೂ ದಾಟುವಂತೆ ಅದನ್ನು ರೂಪಿಸಲಾಗಿದೆ. ಎರಡೇ ವರ್ಷಗಳ ಆಸುಪಾಸಿನಲ್ಲಿ ಇದನ್ನು ರೂಪಿಸಿದ ತಂತ್ರಜ್ಞರನ್ನು ನಾವು ಅಭಿನಂದಿಸುತ್ತೇವೆ. 2027ರ ವೇಳೆಗೆ ಸೈನ್ಯಕ್ಕೆ ಸೇರಿಸುವ ಗುರಿಯನ್ನು ಅಂದು ಹೇಳಲಾಗಿತ್ತು. ಆ ಮಾತು ಕಾಗದದ ಮೇಲೆಯೇ ಉಳಿಯಬಾರದು.

ಟೀಕಾಕಾರರ ಮಾತಿಗೂ ಬೆಲೆ ಕೊಡಲೇಬೇಕು. 2023ರಲ್ಲಿ ಫ್ರಾನ್ಸ್ ಕೊಟ್ಟ ಎಎಂಎಕ್ಸ್-10 ಆರ್‌ಸಿ ಎಂಬ ಚಕ್ರದ ಫಿರಂಗಿ ವಾಹನಗಳನ್ನು ಉಕ್ರೇನಿನ ಸೈನಿಕರು ಮುಂಚೂಣಿಯ ದಾಳಿಗೆ ಬಳಸಿದಾಗ ಅವುಗಳ ತೆಳು ಕವಚ ಸಾಲದೆಹೋಯಿತು. ಅಮೆರಿಕದ ಎಂ-10 ಬೂಕರ್ ವಾಹನವನ್ನು ಹಗುರವಾಗಿರಬೇಕೆಂದು ಆರಂಭಿಸಿ, ಕೊನೆಗೆ ಭಾರವೇ ಹೆಚ್ಚಾಗಿ, 2025ರ ಜೂನ್‌ನಲ್ಲಿ ಅಲ್ಲಿಯ ಸೈನ್ಯ ಖರೀದಿಯನ್ನೇ ನಿಲ್ಲಿಸಿತು. ಇವೆರಡೂ ನಮಗೆ ಪಾಠ. ಹಗುರ ಟ್ಯಾಂಕು ಭಾರದ ಟ್ಯಾಂಕಿನ ಬದಲಿಯಲ್ಲ. ರಾಜಸ್ಥಾನದ ಮರಳಿನಲ್ಲಿ, ಪಂಜಾಬಿನ ಬಯಲಿನಲ್ಲಿ ಶತ್ರುವಿನ ದೊಡ್ಡ ಟ್ಯಾಂಕಿಗೆ ಎದೆಯೊಡ್ಡಲು ಅದನ್ನು ಕಳುಹಿಸಿದರೆ ಅದು ಆತ್ಮಹತ್ಯೆಯಾದೀತು. ಇನ್ನು ಡ್ರೋನು ತೂಕ ನೋಡಿ ಎರಗುವುದಿಲ್ಲ. ಭಾರದ ಟ್ಯಾಂಕುಗಳೂ ಉಕ್ರೇನಿನಲ್ಲಿ ಸುಟ್ಟು ಕರಕಲಾಗಿವೆ. ಆದ್ದರಿಂದ ಡ್ರೋನನ್ನು ಕಂಡುಹಿಡಿದು ತಡೆಯುವ ಸಾಧನಗಳು, ಜೊತೆಗೆ ಕಾಲಾಳು ಮತ್ತು ಫಿರಂಗಿ ದಳದ ಆಸರೆ ಇಲ್ಲದೆ ಯಾವ ಟ್ಯಾಂಕನ್ನೂ ಮುಂದಕ್ಕೆ ಬಿಡಬಾರದು.

ಜೋಜಿ ಲಾದಲ್ಲಿ ಗೆದ್ದದ್ದು ಬರೇ ಟ್ಯಾಂಕಲ್ಲ. ದಾರಿ ಕಡಿದ ಸ್ಯಾಪರು, ಜೊತೆಯಲ್ಲಿ ನಡೆದ ಕಾಲಾಳು, ನೆಲವನ್ನು ಸರಿಯಾಗಿ ಓದಿದ ದಂಡನಾಯಕ, ಎಲ್ಲರೂ ಸೇರಿ ಗೆದ್ದರು. ಮಡಿಕೇರಿಯ ‘ಸನ್ನಿಸೈಡ್’ ಮನೆ 2021ರಿಂದ ತಿಮ್ಮಯ್ಯನವರ ಸ್ಮಾರಕ ಸಂಗ್ರಹಾಲಯವಾಗಿದೆ. ನಮ್ಮ ಶಾಲೆಗಳ ಅಧ್ಯಾಪಕರು ಪ್ರವಾಸಕ್ಕೆ ಹೊರಡುವಾಗ ಮಕ್ಕಳನ್ನು ಅಲ್ಲಿಗೂ ಕರೆದೊಯ್ದು ಈ ಕಥೆಯನ್ನು ಹೇಳಲಿ ಎಂದು ವಿನಂತಿಸುತ್ತೇವೆ.

ಸರಕಾರಕ್ಕೆ ನಮ್ಮ ಒತ್ತಾಯವಿಷ್ಟೇ. ಪರೀಕ್ಷೆಗಳು ಕಟ್ಟುನಿಟ್ಟಾಗಿ ನಡೆಯಲಿ, ಆದರೆ ಕಡತಗಳು ಮೇಜಿನಿಂದ ಮೇಜಿಗೆ ತೆವಳದಿರಲಿ. ಟ್ಯಾಂಕು ಹಗುರವಾಗಲಿ, ಅದರೊಳಗೆ ಕೂರುವ ಯೋಧನ ಪ್ರಾಣವನ್ನು ಮಾತ್ರ ಯಾರೂ ಹಗುರವಾಗಿ ಕಾಣದಿರಲಿ.