ಅಂಗಿ ನಮ್ಮದು, ಎದೆಯ ಮೇಲಿನ ಹೆಸರು ಯಾರದು?

ಪಂದ್ಯವಿದ್ದ ದಿನ ಬಿ.ಸಿ. ರೋಡಿನ ಬಸ್ ನಿಲ್ದಾಣದಲ್ಲಿ, ಬೆಳ್ತಂಗಡಿ ಮತ್ತು ಮೂಡುಬಿದಿರೆಯ ಪೇಟೆಗಳಲ್ಲಿ ಕೆಂಪು ಅಂಗಿಗಳು ಎದ್ದು ಕಾಣುತ್ತವೆ. ಗೇರುಬೀಜದ ಕಾರ್ಖಾನೆಗೆ ಹೋಗುವವನು, ಅಂಗಡಿಯಲ್ಲಿ ಸಾಮಾನು ಕಟ್ಟುವ ಹುಡುಗ, ಕಾಲೇಜಿನ ವಿದ್ಯಾರ್ಥಿ, ಎಲ್ಲರ ಮೈಮೇಲೂ ಅದೇ ಅಂಗಿ, ಬೆನ್ನ ಮೇಲೆ ಅದೇ 18ರ ಅಂಕಿ. “ಸಂಬಳ ಸಾಲದು ಎನ್ನುವವರಿಗೆ ಈ ಅಂಗಿಗೆ ಮಾತ್ರ ದುಡ್ಡು ಎಲ್ಲಿಂದ ಬರುತ್ತದೆ?” ಎಂದು ಹಿರಿಯರು ಮೂಗು ಮುರಿಯುತ್ತಾರೆ. ನಮ್ಮ ಗೆಳೆಯರಲ್ಲಿಯೂ ಕೆಲವರು ಇದನ್ನು ಬರಿಯ ಹುಚ್ಚೆಂದು ತಳ್ಳಿಹಾಕುವುದುಂಟು. ಹಾಗೆ ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ದುಡಿಯುವ ಜನ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಒಂದು ವಸ್ತುವಿನ ಮೇಲೆ ಮನಸ್ಸಿಟ್ಟಿದ್ದಾರೆಂದರೆ ಅದಕ್ಕೆ ಕಾರಣವಿರಲೇಬೇಕು.

ಕಾರಣವನ್ನು ವಿದ್ವಾಂಸರೂ ಹುಡುಕಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಅವರ ಸಂಗಡಿಗರು 1976ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. 7 ವಿಶ್ವವಿದ್ಯಾಲಯಗಳಲ್ಲಿ, ಫುಟ್‌ಬಾಲ್ ಪಂದ್ಯ ಮುಗಿದ ಬಳಿಕದ ಸೋಮವಾರ ವಿದ್ಯಾರ್ಥಿಗಳು ತೊಟ್ಟು ಬಂದ ಬಟ್ಟೆಯನ್ನು ಅವರು ಗಮನಿಸಿದ್ದರು. ತಂಡ ಗೆದ್ದಾಗ ವಿದ್ಯಾಲಯದ ಹೆಸರಿನ ಅಂಗಿಗಳು ಹೆಚ್ಚು ಕಂಡವು. ಗೆದ್ದರೆ “ನಾವು ಗೆದ್ದೆವು” ಎನ್ನುವುದು, ಸೋತರೆ “ಅವರು ಸೋತರು” ಎನ್ನುವುದು ಮನುಷ್ಯನ ಸ್ವಭಾವವೆಂದು ಅವರು ತೋರಿಸಿಕೊಟ್ಟರು.

ನಮ್ಮ ಕೆಂಪಂಗಿಗೆ ಇದು ಅರ್ಧ ಉತ್ತರವಷ್ಟೇ. ಬೆಂಗಳೂರಿನ ಪುರುಷರ ತಂಡ 2008ರಿಂದ 2024ರವರೆಗೆ 17 ಸಲ ಆಡಿ ಒಮ್ಮೆಯೂ ಕಪ್ ಗೆಲ್ಲಲಿಲ್ಲ. ಆದರೂ ಜನ ಅಂಗಿ ಕಳಚಲಿಲ್ಲ. “ಈ ಸಲ ಕಪ್ ನಮ್ದೇ” ಎಂದು ವರ್ಷ ವರ್ಷವೂ ಕೂಗಿದರು. ಊರೆಲ್ಲ ನಕ್ಕರೆ ತಾವೂ ನಕ್ಕರು. ಇಲ್ಲಿ ಗೆಲುವಿನ ಬೆಳಕಿಗೆ ಮೈಯೊಡ್ಡುವ ಆಸೆಗಿಂತ ದೊಡ್ಡದೊಂದಿದೆ. ಹಗಲೆಲ್ಲ ಯಂತ್ರದ ಮುಂದೆಯೋ ಗಲ್ಲಾಪೆಟ್ಟಿಗೆಯ ಹಿಂದೆಯೋ ಒಂಟಿಯಾಗಿ ದುಡಿಯುವವನಿಗೆ “ನಾವು” ಎಂಬ ಒಂದು ಮಾತು ಬೇಕು. ಗುರುತಿಲ್ಲದವನೊಬ್ಬ ಅದೇ ಅಂಗಿ ತೊಟ್ಟು ಎದುರಾದರೆ ಇಬ್ಬರೂ ನಗುತ್ತಾರೆ. ಜಾತಿ ಕೇಳುವುದಿಲ್ಲ, ಕೂಲಿ ಕೇಳುವುದಿಲ್ಲ. ಆ ಕ್ಷಣದ ಸಮಾನತೆಯನ್ನು ಹುಚ್ಚೆಂದು ಕರೆಯಲು ನಾವು ಸಿದ್ಧರಿಲ್ಲ.

ಈ ಭಾವನೆಯನ್ನು ನಮಗೆ ಯಾವ ಕಂಪೆನಿಯೂ ಕಲಿಸಲಿಲ್ಲ. ಮೂಡುಬಿದಿರೆಯ ಕೋಟಿ-ಚೆನ್ನಯ, ವೇಣೂರು-ಪೆರ್ಮುಡದ ಸೂರ್ಯ-ಚಂದ್ರ, ಕಕ್ಯಪದವಿನ ಸತ್ಯ-ಧರ್ಮ, ಈ ಜೋಡುಕರೆ ಕಂಬಳಗಳಲ್ಲಿ ಕೋಣಗಳಿಗೆ ಮನೆಯ ಹೆಸರೇ ಗುರುತು. ಇಂಥ ಮನೆಯ ಕೋಣ ಎಂದರೆ ಸಾಕು, ಆ ಊರಿಗೆ ಊರೇ ಕರೆಯ ಬದಿಯಲ್ಲಿ ನಿಂತು ರಾತ್ರಿಯೆಲ್ಲ ಕೂಗುತ್ತದೆ. ಈಗ ತಂಡದವರು ಮನೆಯ ಹೆಸರು ಅಚ್ಚು ಹಾಕಿಸಿದ ಒಂದೇ ಬಣ್ಣದ ಟೀ ಶರ್ಟು ತೊಟ್ಟು ಬರುವುದೂ ಉಂಟು. ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳಲ್ಲಿಯೂ ಹಾಗೆಯೇ. ಯುವಕ ಮಂಡಲದ ಹೆಸರು ದೊಡ್ಡದಾಗಿ ಕಾಣುತ್ತದೆ. ಅಂಗಿ ಕೊಡಿಸಿದ ಜವಳಿ ಅಂಗಡಿಯದೋ ಹೋಟೆಲಿನದೋ ಹೆಸರು ಒಂದು ಮೂಲೆಯಲ್ಲಿರುತ್ತದೆ. ಕೊಡಿಸಿದವರು ಯಾರು, ಎಷ್ಟು ಕೊಟ್ಟರು, ಯಾಕೆ ಕೊಟ್ಟರು ಎಂಬುದು ಊರಿಗೆಲ್ಲ ಗೊತ್ತು. ಆ ಹೆಸರು ಅಲ್ಲಿರುವುದು ಉಪಕಾರ ಸ್ಮರಣೆಗಾಗಿ.

ಪೇಟೆಯ ದೊಡ್ಡ ಅಂಗಿಯಲ್ಲಿ ಈ ಲೆಕ್ಕವೇ ತಲೆಕೆಳಗಾಗಿದೆ. ಅದು ಹೇಗಾಯಿತು? 1970ರ ದಶಕದವರೆಗೆ ಇಂಗ್ಲೆಂಡಿನ ಫುಟ್‌ಬಾಲ್ ತಂಡಗಳು ತಮಗೆ ಬೇಕಾದ ಅಂಗಿಯನ್ನು ಸಾಮಾನ್ಯವಾಗಿ ಅಂಗಡಿಯಿಂದ ಕೊಳ್ಳುತ್ತಿದ್ದವು. ಲೆಸ್ಟರಿನಲ್ಲಿ ಒಳ ಉಡುಪು ತಯಾರಿಸುತ್ತಿದ್ದ ಅಡ್ಮಿರಲ್ ಕಂಪೆನಿ ಲೀಡ್ಸ್ ಯುನೈಟೆಡ್ ತಂಡದೊಡನೆಯೂ, 1974ರಲ್ಲಿ ಇಂಗ್ಲೆಂಡ್ ತಂಡದೊಡನೆಯೂ ಒಪ್ಪಂದ ಮಾಡಿಕೊಂಡಿತು. ಬರಿಯ ಬಿಳಿ ಅಂಗಿಯ ಮೇಲೆ ಯಾರೂ ಹಕ್ಕು ಹೇಳುವಂತಿಲ್ಲ. ಆದುದರಿಂದ ಕಂಪೆನಿ ಅದಕ್ಕೆ ಪಟ್ಟಿ ಹಾಕಿತು, ತನ್ನ ಮುದ್ರೆ ಹಾಕಿತು, ಅದೇ ಅಂಗಿಯನ್ನು ಮಕ್ಕಳ ಅಳತೆಗೆ ಹೊಲಿದು ಮಾರಿತು. ಕಂಪೆನಿ ತಂಡಕ್ಕೆ ಹಣ ಕೊಟ್ಟಿತು. ಆ ಹಣವನ್ನು ಮಕ್ಕಳ ತಂದೆಯರಿಂದ ಹಿಂದೆ ಪಡೆಯಿತು. ಆಟದ ಮೇಲಿನ ಪ್ರೀತಿ ಅಂದಿನಿಂದ ಒಂದು ಸರಕಾಯಿತು.

ನಮ್ಮ ದೇಶದ ಕ್ರಿಕೆಟ್ ಅಂಗಿಯ ಎದೆಯನ್ನೇ ನೋಡಿ. 2001ರಿಂದ 2013ರವರೆಗೆ ಅಲ್ಲಿ ಸಹಾರಾದ ಹೆಸರಿತ್ತು. ಠೇವಣಿದಾರರಿಗೆ 24,000 ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ಮರಳಿಸಬೇಕೆಂದು ಸುಪ್ರೀಂ ಕೋರ್ಟು 2012ರಲ್ಲಿ ಆಜ್ಞೆ ಮಾಡಿದ್ದು ಅದೇ ಸಂಸ್ಥೆಯ ಎರಡು ಕಂಪೆನಿಗಳಿಗೆ. 2019ರಲ್ಲಿ ಬೈಜೂಸ್ ಬಂತು. ಅಂಗಿಯ ಬಾಬ್ತು 158 ಕೋಟಿ ರೂಪಾಯಿ ಬಾಕಿಯಿದೆಯೆಂದು ಕ್ರಿಕೆಟ್ ಮಂಡಳಿಯೇ ಅದನ್ನು ನ್ಯಾಯಮಂಡಳಿಗೆ ಎಳೆಯಿತು, 2024ರ ಜುಲೈಯಲ್ಲಿ ದಿವಾಳಿ ಪ್ರಕ್ರಿಯೆಗೆ ಅಪ್ಪಣೆಯಾಯಿತು. 2023ರಲ್ಲಿ ಡ್ರೀಮ್ ಇಲೆವೆನ್ ಬಂತು; ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಕಾನೂನು ನಿಷೇಧಿಸಿದಾಗ ಆ ಹೆಸರೂ ಹೋಯಿತು. ಮರುತಿಂಗಳು ಒಂದು ಟಯರು ಕಂಪೆನಿ ಬಂತು. ಹೆಸರುಗಳು ಬಂದವು, ಹೋದವು. ಅವುಗಳನ್ನು ಹೊತ್ತು ತಿರುಗಿದ ಎದೆ ಮಾತ್ರ ನಮ್ಮದೇ. ಭಿತ್ತಿಪತ್ರ ಅಂಟಿಸಲು ಗೋಡೆ ಕೊಟ್ಟವನಿಗೆ ಬಾಡಿಗೆ ಸಿಗುತ್ತದೆ. ಇಲ್ಲಿ ಗೋಡೆಯಾದವನೇ ಬಾಡಿಗೆ ತೆರುತ್ತಾನೆ!

ಬೆಂಗಳೂರು ತಂಡದ ಕಥೆಗೆ ನಮ್ಮೂರಿನ ನಂಟೂ ಇದೆ. ಬಂಟ್ವಾಳ ಮೂಲದ ಕುಟುಂಬದ ವಿಜಯ ಮಲ್ಯರು 2008ರಲ್ಲಿ 11 ಕೋಟಿ 16 ಲಕ್ಷ ಡಾಲರು ಕೊಟ್ಟು ತಂಡವನ್ನು ಕೊಂಡರು. ಊರಿನ ಹೆಸರಿನ ಹಿಂದೆ ಅವರು ಸೇರಿಸಿದ್ದು ತಮ್ಮ ಕಂಪೆನಿಯ ರಾಯಲ್ ಚಾಲೆಂಜ್ ವಿಸ್ಕಿಯ ಹೆಸರನ್ನು. ಟಿ.ವಿ.ಯಲ್ಲಿ ಮದ್ಯದ ನೇರ ಜಾಹೀರಾತಿಗೆ ಅವಕಾಶವಿಲ್ಲ. ಅಭಿಮಾನಿಯ ಅಂಗಿಗೆ ಅಂಥ ಅಡ್ಡಿಯಿಲ್ಲವಲ್ಲ! 2012ರಲ್ಲಿ ಅವರ ವಿಮಾನ ಕಂಪೆನಿ ನೌಕರರ ಸಂಬಳ ಬಾಕಿಯಿಟ್ಟು ನಿಂತುಹೋಯಿತು. ಮದ್ಯದ ಕಂಪೆನಿ ಬ್ರಿಟನ್ನಿನ ಡಿಯಾಜಿಯೋ ಕೈಗೆ ಹೋಯಿತು. 2016ರಲ್ಲಿ ಮಲ್ಯರು ದೇಶ ಬಿಟ್ಟರು. 2024ರಲ್ಲಿ ತಂಡದ ಹೆಸರಿನಲ್ಲಿ ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’ ಬಂತು. ಊರಿನ ಹೆಸರು ತಿದ್ದಲು 16 ವರ್ಷ ಹಿಡಿಯಿತು. ವಿಸ್ಕಿಯ ಹೆಸರು ಕದಲಲೇ ಇಲ್ಲ.

ಇನ್ನು ಬೆಲೆಯ ಮಾತು. 2023ರ ಜೂನಿನಲ್ಲಿ ಅಡಿಡಾಸ್ ಕಂಪೆನಿ ಭಾರತ ತಂಡದ ಅಂಗಿಯನ್ನು 3 ದರ್ಜೆಗಳಲ್ಲಿ ಬಿಡುಗಡೆ ಮಾಡಿತು: 4,999 ರೂಪಾಯಿ, 2,999 ರೂಪಾಯಿ, 999 ರೂಪಾಯಿ. ರೈಲಿನಂತೆ ಅಭಿಮಾನಕ್ಕೂ ಒಂದನೆಯ, ಎರಡನೆಯ, ಮೂರನೆಯ ದರ್ಜೆ! ಮೊದಲನೆಯದಕ್ಕೆ ಎಷ್ಟು ಸಾವಿರ ಬೀಡಿ ಕಟ್ಟಬೇಕು ಎಂಬ ಲೆಕ್ಕವನ್ನು ನಮ್ಮ ಬೆಳ್ತಂಗಡಿ, ಬಂಟ್ವಾಳದ ತಾಯಂದಿರು ಯಾರೂ ಹೇಳಿಕೊಡದೆಯೇ ಮಾಡಬಲ್ಲರು. ಅದಕ್ಕೇ ಅವರ ಮಕ್ಕಳು ರಸ್ತೆ ಬದಿಯಲ್ಲಿ ಹಗ್ಗಕ್ಕೆ ತೂಗುಹಾಕಿದ ಅಗ್ಗದ ಅಂಗಿ ಕೊಳ್ಳುತ್ತಾರೆ. ಅದನ್ನು ನಕಲಿ ಎನ್ನುತ್ತಾರೆ. ಬಟ್ಟೆ ನಕಲಿಯಾದೀತು, ಅದನ್ನು ತೊಟ್ಟವನ ಕೂಗು ನಕಲಿಯೆ? ಒಂದು ಸಂಗತಿ ಇದರಿಂದ ಸ್ಪಷ್ಟವಾಗುತ್ತದೆ. ಹುರುಪು ಇರುವುದು ಬಣ್ಣದಲ್ಲಿ, ಜತೆಗೂಡುವುದರಲ್ಲಿ, ಕಂಪೆನಿಯ ಮುದ್ರೆಯಲ್ಲಲ್ಲ. ಮುದ್ರೆ ಸೇರಿಸುವುದು ಬೆಲೆಯನ್ನು ಮಾತ್ರ.

“ನಾವು” ಎಂಬ ಮಾತನ್ನು ಮಾರುವವರು ನಮ್ಮನ್ನು ಎಷ್ಟರಮಟ್ಟಿಗೆ ತಮ್ಮವರೆಂದು ಎಣಿಸುತ್ತಾರೆ? 2025ರ ಜೂನ್ 3ರಂದು ಕಪ್ ಕೊನೆಗೂ ಬಂತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. 17 ವರ್ಷ ಸೋಲನ್ನು ಹಂಚಿಕೊಂಡ ಜನರಿಗೆ ಗೆಲುವಿನ ದಿನ ನಿಲ್ಲಲು ಸುರಕ್ಷಿತವಾದ ಜಾಗವಿರಲಿಲ್ಲ. ಅಂಗಿ ಮಾರುವಾಗ ಅಭಿಮಾನಿ ಮನೆಯವನು. ಬಾಗಿಲ ಬಳಿ ಅವನು ಬರಿಯ ಗುಂಪು. ಈ ಮಾತನ್ನು ನಾವು ಮರೆಯಕೂಡದು.

ಹಾಗಾದರೆ ಅಂಗಿ ಕಳಚಿ ಎಸೆಯಬೇಕೆ? ಬೇಡ. ಅಂಗಿ ತೊಟ್ಟವರು ಒಟ್ಟಾದರೆ ಏನು ಮಾಡಬಹುದೆಂದು ಕಲ್ಕತ್ತೆಯವರು ತೋರಿಸಿದ್ದಾರೆ. 1911ರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿ ಇಂಗ್ಲಿಷ್ ಸೈನಿಕರ ತಂಡವನ್ನು ಸೋಲಿಸಿದ ಮೋಹನ್ ಬಗಾನಿನ ಹೆಸರಿನ ಹಿಂದೆ 2020ರಲ್ಲಿ ‘ಎ.ಟಿ.ಕೆ.’ ಎಂಬ ಕಂಪೆನಿ ತಂಡದ ಹೆಸರು ಅಂಟಿಕೊಂಡಿತು. ಅಭಿಮಾನಿಗಳು ಬೀದಿಗಿಳಿದರು. 2023ರಲ್ಲಿ ಆ ಹೆಸರು ಹೋಯಿತು. ಬದಲಿಗೆ ‘ಸೂಪರ್ ಜೈಂಟ್’ ಎಂಬ ಬಾಲ ಸೇರಿತು, ನಿಜ, ಗೆದ್ದದ್ದು ಅರ್ಧ. ಜರ್ಮನಿಯಲ್ಲಿ ಕೆಲವು ಅಪವಾದಗಳನ್ನು ಬಿಟ್ಟರೆ ಫುಟ್‌ಬಾಲ್ ತಂಡದ ಬಹುಮತದ ಓಟು ಸಂಘದ ಸದಸ್ಯರ ಕೈಯಲ್ಲೇ ಇರಬೇಕೆಂದು 1998ರಿಂದ ನಿಯಮವಿದೆ. ಅಭಿಮಾನಿಯೇ ಒಡೆಯನಾಗುವುದು ಕನಸಿನ ಮಾತಲ್ಲ.

ನಮ್ಮ ಮೂರು ತಾಲೂಕುಗಳ ಯುವಕ ಮಂಡಲಗಳು ಇಷ್ಟನ್ನು ಇಂದೇ ಮಾಡಬಹುದು. ಮಂಡಲದ ಅಂಗಿಯನ್ನು ಊರಿನ ಟೇಲರಿಂದಲೇ ಹೊಲಿಸಲಿ. ಕೂಲಿ ಊರಿನಲ್ಲೇ ಉಳಿಯುತ್ತದೆ. ಊರಿನ ಹೆಸರು ಎದೆಯ ಮೇಲಿರಲಿ, ಕೊಡಿಸಿದವರ ಹೆಸರು ಬೆನ್ನ ಮೇಲಿರಲಿ. ಅಂಗಿ ಮಾರಿ ಉಳಿದ ಹಣದ ಲೆಕ್ಕವನ್ನು ಸಭೆಯಲ್ಲಿ ಓದಲಿ, ಆಟದಲ್ಲಿ ಕೈಕಾಲು ಮುರಿದುಕೊಂಡ ಹುಡುಗನ ಔಷಧಿಗೆ ಅದರಿಂದ ಒಂದು ಪಾಲು ತೆಗೆದಿಡಲಿ. ಸಣ್ಣ ವ್ಯಾಪಾರಿಗಳೂ ಹೆಸರಿನ ಗಾತ್ರಕ್ಕಾಗಿ ಜಗಳಾಡದೆ ಇದಕ್ಕೆ ಕೈಜೋಡಿಸಲಿ.

ಬೆಂಗಳೂರಿನ ಕೆಂಪಂಗಿಯನ್ನೂ ತೊಡಿ, ಬೇಡವೆನ್ನುವವರು ಯಾರು? ಆದರೆ ತೊಡುವಾಗ ಒಮ್ಮೆ ಎದೆಯ ಮೇಲಿನ ಹೆಸರನ್ನು ಓದಿಕೊಳ್ಳಿ. ಅದರ ಕೆಳಗೆ ಬಡಿಯುತ್ತಿರುವುದು ನಿಮ್ಮ ಹೃದಯ. ಅದಕ್ಕೆ ಬೆಲೆ ಕಟ್ಟುವ ಹಕ್ಕನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಡಿ.