ಮಕ್ಕಳಿಗೆ ಹೆದರಿಕೆ ಬೇಡ, ಲೆಕ್ಕ ತೋರಿಸಿ

ಜೂನ್ 5 ಬಂತೆಂದರೆ ನಮ್ಮಂಥ ಸ್ಟ್ರಿಂಜರ್‌ಗಳಿಗೆ ಸುದ್ದಿ ಸಿದ್ಧ. ಶಾಲೆ ಅಂಗಳದಲ್ಲಿ ಸಸಿ ನೆಡುವ ಫೋಟೊ, ಜೊತೆಗೆ ಅತಿಥಿಗಳ ಭಾಷಣ. ಇಂಗಾಲದ ಡೈಆಕ್ಸೈಡ್ ಎಂದರೆ ವಿಷಗಾಳಿ, ಅದರಿಂದಲೇ ಭೂಮಿ ಸುಡುತ್ತಿದೆ ಎಂಬ ಮಾತು ಭಾಷಣದಲ್ಲಿ ತಪ್ಪುವುದಿಲ್ಲ. ಎದುರಿಗೆ ಕೂತ ಮೂರನೇ ಕ್ಲಾಸಿನ ಮಗುವಿಗೆ ಅರ್ಥವಾಗುವುದು ಎರಡೇ: ತಾನು ಉಸಿರು ಬಿಡುವುದೂ ತಪ್ಪು, ಅವ್ವ ಒಲೆ ಉರಿಸುವುದೂ ತಪ್ಪು.

ಇದು ವಿಜ್ಞಾನವಲ್ಲ. ಈ ಅನಿಲ ಭೂಮಿಗೆ ಹೊದಿಸಿದ ಕಂಬಳಿಯಂತೆ. ಕಂಬಳಿ ತಾನೇ ಬಿಸಿ ಹುಟ್ಟಿಸುವುದಿಲ್ಲ, ಇರುವ ಬಿಸಿ ಹೊರಹೋಗದಂತೆ ತಡೆಯುತ್ತದೆ. ಇಂಥ ಅನಿಲಗಳು ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸುಮಾರು ಮೈನಸ್ 18 ಡಿಗ್ರಿ ಇರುತ್ತಿತ್ತು. ಕಂಬಳಿ ಬೇಕು, ಬೇಸಿಗೆಯಲ್ಲಿ ಎರಡೆರಡು ಹೊದ್ದರೆ ಕಷ್ಟ.

ಎಷ್ಟು ಹೆಚ್ಚಾಗಿದೆ? ಗಾಳಿಯನ್ನು 10,000 ಕಾಳು ಎಂದುಕೊಳ್ಳಿ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಅದರಲ್ಲಿ ಈ ಅನಿಲದ್ದು ಮೂರು ಕಾಳೂ ತುಂಬುತ್ತಿರಲಿಲ್ಲ. ಈಗ ನಾಲ್ಕು ದಾಟಿದೆ. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ಇದನ್ನು ಅಳೆಯುತ್ತಲೇ ಇದ್ದಾರೆ. ಇಷ್ಟೇ ಕಾಳು ಏನು ಮಾಡೀತು ಎಂದು ಮಗು ಕೇಳಿದರೆ, ಬಕೆಟ್ ನೀರಿಗೆ ನಾಲ್ಕು ಹನಿ ಬಟ್ಟೆಯ ನೀಲಿ ಹಾಕಿ ತೋರಿಸಿ.

ಕಾಣದ ಅನಿಲವನ್ನು ಕಾಣಿಸಲು ಲ್ಯಾಬ್ ಬೇಕಿಲ್ಲ. ಎಲೆ ಅಡಿಕೆಯ ಸುಣ್ಣವನ್ನು ನೀರಲ್ಲಿ ಕದಡಿ, ತಿಳಿ ಬಸಿದು, ಅದರಲ್ಲಿ ಕೊಳವೆಯಿಂದ ಊದಿದರೆ ನೀರು ಹಾಲಿನಂತಾಗುತ್ತದೆ. ಊದಬೇಕು, ಹೀರಬಾರದು. ದೊಡ್ಡವರು ಪಕ್ಕದಲ್ಲಿರಲಿ.

ಮುಖ್ಯ ಮಾತು ಮುಂದಿದೆ. ನಮ್ಮ ಉಸಿರಿನ ಇಂಗಾಲ ಉಂಡ ರೊಟ್ಟಿಯದು. ಜೋಳದ ಬೆಳೆ ಅದನ್ನು ಗಾಳಿಯಿಂದಲೇ ತೆಗೆದುಕೊಂಡಿತ್ತು. ಕೈಗಡ ತಂದು ತೀರಿಸಿದಂತೆ. ಕಡಿದಷ್ಟು ಮರ ಮತ್ತೆ ಬೆಳೆದರೆ ಸೌದೆಯ ಲೆಕ್ಕವೂ ಹೆಚ್ಚುಕಡಿಮೆ ಹಾಗೆಯೇ. ಒಲೆಯ ಹೊಗೆ ಅವ್ವನ ಕಣ್ಣು, ಶ್ವಾಸಕೋಶ ಕೆಡಿಸುತ್ತದೆ, ಅದು ಬೇರೆ ಸಂಕಟ. ಆದರೆ ರಾಯಚೂರಿನ ಶಕ್ತಿನಗರದಲ್ಲಿ ಉರಿಯುವ ಕಲ್ಲಿದ್ದಲು, ನಮ್ಮ ಬೈಕಿನ ಪೆಟ್ರೋಲು ಕೋಟ್ಯಂತರ ವರ್ಷ ನೆಲದಡಿ ಇದ್ದ ಇಂಗಾಲ. ಅದು ಗಾಳಿಗೆ ಹೊಸದಾಗಿ ಸೇರುವ ಗಂಟು.

ಹಾಗಾದರೆ ಹೆಚ್ಚು ಸೇರಿಸಿದವರು ಯಾರು ಎಂದು ಮಗು ಕೇಳಿಯೇ ಕೇಳುತ್ತದೆ. ಮೊದಲು ಕೈಗಾರಿಕೆ ಕಟ್ಟಿದ ಶ್ರೀಮಂತ ದೇಶಗಳ ಪಾಲು ದೊಡ್ಡದು, ಭಾರತದಲ್ಲಿ ತಲೆಗೆ ಬರುವ ಪಾಲು ಈಗಲೂ ಜಗತ್ತಿನ ಸರಾಸರಿಗಿಂತ ಕಡಿಮೆ ಎಂದು ನೇರವಾಗಿ ಹೇಳಿ. ಸಸಿ ನೆಡಲಿ, ಒಳ್ಳೆಯದೇ. ಆದರೆ ಬಿಸಿಲು, ಬರ ಉಣ್ಣಬೇಕಾದ ಮಕ್ಕಳ ತಲೆಗೆ ಮಾಡದ ತಪ್ಪನ್ನೂ ಕಟ್ಟುವುದು ನ್ಯಾಯವಲ್ಲ.