ಅಟ್ಟದ ಮೇಲಿನ ಹಾಡು

ಕಳಸ, ಮೂಡಿಗೆರೆ ಕಡೆಯ ಹಳೆಯ ತೋಟದ ಮನೆಗಳಲ್ಲಿ ಗ್ರಾಮಫೋನ್ ಪ್ಲೇಟುಗಳು ಅಟ್ಟ ಸೇರಿ ಬೂಷ್ಟು ಹಿಡಿಯುತ್ತಿವೆ. ಮಕ್ಕಳಿಗೆ ಕೇಳಿಸಲು ಪ್ರತಿ ಮಾಡಿಕೊಳ್ಳುತ್ತೇನೆ ಎಂದರೆ, "ಕಾಪಿರೈಟ್ ಅಂತೆ ಟೀಚರ್, ಯಾಕೆ ತೊಂದರೆ?" ಎನ್ನುತ್ತಾರೆ.

ಇದು ಕಾನೂನಿನ ಭಯವಲ್ಲ, ಕಾನೂನು ಓದದವರ ಭಯ. 1957ರ ಕಾಯ್ದೆಯ ಪ್ರಕಾರ ಧ್ವನಿಮುದ್ರಣಕ್ಕೂ ಚಲನಚಿತ್ರಕ್ಕೂ ಹಕ್ಕು ಇರುವುದು ಪ್ರಕಟವಾದ ವರ್ಷ ಕಳೆದು 60 ವರ್ಷ. ಆಮೇಲೆ ಅದು ಎಲ್ಲರ ಸೊತ್ತು. ಈಚಿನವರ ರಚನೆಯಾದರೆ ರಚಿಸಿದವರು ತೀರಿಕೊಂಡೂ 60 ವರ್ಷವಾಗಿರಬೇಕು. ಪುರಂದರದಾಸರ, ತ್ಯಾಗರಾಜರ ಕೃತಿಗಳಿಗೆ ಆ ಪ್ರಶ್ನೆಯೇ ಇಲ್ಲ.

ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಪ್ಲೇಟಿಗೆ ಹಾಡಿದರು, 1930ರಲ್ಲಿ ನಮ್ಮ ಮೈಸೂರಿನಲ್ಲೇ ತೀರಿಕೊಂಡರು. ಆ ಹಳೆಯ ಮುದ್ರಣಗಳಿಗೆ ಇಂದು ಯಜಮಾನರಿಲ್ಲ. ಆದರೂ ನಮ್ಮೂರ ಎಷ್ಟು ಹೆಣ್ಣುಮಕ್ಕಳು ಆ ದನಿ ಕೇಳಿದ್ದಾರೆ?

1948ರಲ್ಲಿ ಹುಟ್ಟಿದ ಫಿಲ್ಮ್ಸ್ ಡಿವಿಷನ್ನಿನ ವಾರ್ತಾಚಿತ್ರಗಳನ್ನು ಟಾಕೀಸಿನಲ್ಲಿ ಸಿನಿಮಾಕ್ಕೆ ಮೊದಲು ತೋರಿಸುತ್ತಿದ್ದರು. ಜನರ ತೆರಿಗೆಯ ದುಡ್ಡಿನಲ್ಲಿ ತೆಗೆದವು ಅವು. 60 ವರ್ಷ ದಾಟಿದವನ್ನು ಚರಿತ್ರೆಯ ಪಾಠಕ್ಕೆ ತರಲು ಯಾರ ಅಪ್ಪಣೆ ಬೇಕು?

"ಮನೆತನದ ಆಸ್ತಿ, ಹೊರಗೆ ಕೊಡುವುದಿಲ್ಲ" ಎನ್ನುವವರೂ ಇದ್ದಾರೆ. ಬಚ್ಚಿಟ್ಟ ಒಡವೆ ಕರಗದು, ತಾಯಂದಿರೇ. ಬಚ್ಚಿಟ್ಟ ಅರಗಿನ ಪ್ಲೇಟು ನಮ್ಮ ಮಲೆನಾಡಿನ ಮಳೆಗೆ ಉಳಿಯದು. ಪ್ಲೇಟು ನಿಮ್ಮಲ್ಲೇ ಇರಲಿ. ಹಾಡಿದವರ ಹೆಸರು, ಪ್ಲೇಟಿನ ಸಂಖ್ಯೆ ಬರೆದಿಟ್ಟು, ಹಾಡನ್ನು ಮಾತ್ರ ಹೊರಗೆ ಬಿಡಿ.